ವಾಕ್ಯ ಮುಗಿಯುವವರೆಗೆ ಪದ ಆರಿಸಬೇಡಿ

"ವೈದ್ಯರು ಹೇಳಿದ್ದನ್ನು ರೋಗಿ ____ ಮಾಡಲಿಲ್ಲ, ಅದಕ್ಕೇ ಬೇಗ ಗುಣವಾದ."

ಖಾಲಿ ಜಾಗಕ್ಕೆ ನಾಲ್ಕು ಪದಗಳಿವೆ: ಪಾಲನೆ, ಉಪೇಕ್ಷೆ, ಅಪೇಕ್ಷೆ, ನಿರೀಕ್ಷೆ. ಅವಸರದಲ್ಲಿ ಓದುವವರ ಕೈ ನೇರವಾಗಿ 'ಪಾಲನೆ'ಯ ಮೇಲೆ ಬೀಳುತ್ತದೆ. ವೈದ್ಯರು ಹೇಳಿದ್ದು, ರೋಗಿ ಮಾಡುವಂಥದ್ದು ಎಂದಮೇಲೆ ಪಾಲನೆಯಲ್ಲದೆ ಇನ್ನೇನು? 'ಮಾಡಲಿಲ್ಲ' ಎಂಬಲ್ಲಿಗೆ ಬಂದಾಗಲೂ ಆ ಪದ ಕದಲುವುದಿಲ್ಲ. "ಪಾಲನೆ ಮಾಡಲಿಲ್ಲ" ಎಂಬುದು ನಾವು ದಿನವೂ ಕೇಳುವ ಮಾತೇ. ಅಲ್ಪವಿರಾಮ ದಾಟಿ "ಅದಕ್ಕೇ ಬೇಗ ಗುಣವಾದ" ಎಂಬುದನ್ನು ಓದಿದಾಗ ಮಾತ್ರ ಲೆಕ್ಕ ತಿರುಗುತ್ತದೆ. ಬೇಗ ಗುಣವಾಗಬೇಕಾದರೆ ಅವನು ಮಾಡದೆ ಇದ್ದದ್ದು ಕೆಟ್ಟ ಕೆಲಸವಾಗಿರಬೇಕು. ಹಾಗಾಗಿ ಉತ್ತರ 'ಉಪೇಕ್ಷೆ'. ಕೊನೆಯ ಎರಡು ಪದಗಳನ್ನು ತೆಗೆದು "ಕಾಯಿಲೆ ಮರುಕಳಿಸಿತು" ಎಂದು ಬರೆದರೆ ಉತ್ತರ ಮತ್ತೆ 'ಪಾಲನೆ'ಯಾಗುತ್ತದೆ. ಖಾಲಿ ಜಾಗದ ಹಿಂದಿನ ಮೂರು ಪದಗಳಲ್ಲಿ ಒಂದಕ್ಷರವೂ ಬದಲಾಗದೆ ಉತ್ತರ ಮಾತ್ರ ಬದಲಾಯಿತು.

ಸಂದರ್ಭದಿಂದ ಪದ ಆರಿಸುವ ಬಗ್ಗೆ ಹೇಳಬೇಕಾದ ಮುಖ್ಯ ವಿಷಯ ಇದರಲ್ಲೇ ಇದೆ. ಕನ್ನಡದ ವಾಕ್ಯ ತನ್ನ ತೀರ್ಪನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಕ್ರಿಯಾಪದ ಬರುವುದು ಕೊನೆಗೆ. ಆಯಿತೋ ಇಲ್ಲವೋ, ಮಾಡಿದವರು ಗಂಡೋ ಹೆಣ್ಣೋ, ಒಬ್ಬರೋ ಹಲವರೋ, ಗೌರವದ ಮಾತೋ ಸಲಿಗೆಯ ಮಾತೋ, ಇದೆಲ್ಲವೂ ಆ ಕೊನೆಯ ಪದದ ಬಾಲದಲ್ಲಿರುತ್ತದೆ. ಅಲ್ಲಿಗೆ ಹೋಗುವ ಮುಂಚೆಯೇ ಪದ ಆರಿಸಿದರೆ ಅರ್ಧ ಸುಳಿವನ್ನು ನಾವಾಗಿಯೇ ಬಿಟ್ಟುಕೊಟ್ಟಂತೆ. ಶಬ್ದಸಂಪತ್ತು ಕಡಿಮೆಯಾದ್ದರಿಂದ ತಪ್ಪಾಗುತ್ತದೆ ಎಂದು ಹಲವರು ನೊಂದುಕೊಳ್ಳುತ್ತಾರೆ. ಬಹಳ ಸಲ ನಾಲ್ಕೂ ಪದಗಳ ಅರ್ಥ ಅವರಿಗೆ ಗೊತ್ತಿರುತ್ತದೆ. ವಾಕ್ಯ ಏನು ಕೇಳುತ್ತಿದೆ ಎಂಬುದನ್ನು ಪೂರ್ತಿ ಕೇಳಿಸಿಕೊಂಡಿರುವುದಿಲ್ಲ, ಅಷ್ಟೆ.

ಬಾಲದ ಸುಳಿವುಗಳಲ್ಲಿ ಅತಿ ಚಿಕ್ಕದೂ ಅತಿ ಹೆಚ್ಚು ಕೈಕೊಡುವುದೂ 'ರೆ' ಮತ್ತು 'ರೂ'ಗಳ ವ್ಯತ್ಯಾಸ. "ಓದಿದರೆ" ಎಂದಾಗ ಮುಂದೆ ಬರುವುದು ನಿರೀಕ್ಷಿಸಿದ ಫಲ. "ಓದಿದರೂ" ಎಂದಾಗ ಬರುವುದು ನಿರೀಕ್ಷೆಗೆ ವಿರುದ್ಧವಾದದ್ದು. "ತಿಂಗಳುಗಟ್ಟಲೆ ಮಳೆ ಸುರಿದರೂ ಕೆರೆ ____ಯೇ ಇತ್ತು" ಎಂಬಲ್ಲಿ ತುಂಬಿ, ಬತ್ತಿ ಎಂಬ ಎರಡು ಪದಗಳನ್ನು ಕೊಟ್ಟರೆ ಮಳೆಯೂ ಕೆರೆಯೂ ಸೇರಿ ಮನಸ್ಸನ್ನು 'ತುಂಬಿ'ಯ ಕಡೆಗೆ ಎಳೆಯುತ್ತವೆ. 'ರೂ' ಎಂಬ ಒಂದಕ್ಷರ ಅದನ್ನು ತಡೆಯುತ್ತದೆ. ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಎಳೆತದಿಂದಲೇ. ಒಂದೇ ವಿಷಯಕ್ಕೆ ಸೇರಿದ ಪದ ಕಣ್ಣಿಗೆ ಬಿದ್ದಕೂಡಲೇ ಅದು ಹೊಂದುತ್ತದೆ ಎನಿಸಿಬಿಡುತ್ತದೆ. ವಿಷಯಕ್ಕೆ ಹೊಂದುವುದೇ ಬೇರೆ, ವಾಕ್ಯಕ್ಕೆ ಹೊಂದುವುದೇ ಬೇರೆ.

ಇದೇ ಜಾತಿಯ ಇನ್ನಷ್ಟು ಗುರುತುಗಳಿವೆ. 'ಬದಲು', 'ಹೊರತು', 'ಆದರೆ', 'ಅಲ್ಲದೆ' ಬಂದಾಗ ಆಚೆ ಈಚೆ ಇರುವ ಪದಗಳು ಎದುರುಬದುರಾಗಿರಬಹುದು. 'ಅಲ್ಲದೆ'ಯಲ್ಲಿ ಸ್ವಲ್ಪ ಎಚ್ಚರ ಬೇಕು. ಅದು 'ಮತ್ತೂ' ಎಂಬ ಅರ್ಥದಲ್ಲೂ ಬರುತ್ತದೆ. 'ಆದ್ದರಿಂದ', 'ಹಾಗಾಗಿ', 'ಏಕೆಂದರೆ' ಬಂದರೆ ಕಾರಣ, ಫಲಗಳ ಜೋಡಿಯನ್ನು ಹುಡುಕಬೇಕು. 'ಅಂದರೆ' ಬಂದರೆ ಅರ್ಥವನ್ನು ಬರೆದವರೇ ಬಿಡಿಸಿ ಹೇಳುತ್ತಿದ್ದಾರೆ. 'ಮುಂತಾದ', 'ಮೊದಲಾದ' ಬಂದರೆ ಮುಂದಿನ ಪದ ಹಿಂದಿನವಕ್ಕೆಲ್ಲ ಸೇರಿದ ಗುಂಪಿನ ಹೆಸರು. "ಸುತ್ತಿಗೆ, ಉಳಿ, ಗರಗಸ ಮೊದಲಾದ ____" ಎಂದರೆ 'ಸಲಕರಣೆಗಳು' ಎಂದು ತಿಳಿಯಲು ಸುತ್ತಿಗೆ ಎಂದರೇನೆಂದು ಗೊತ್ತಿದ್ದರೂ ಸಾಕು.

ಈ ವಿಚಾರ ನಮ್ಮಲ್ಲಿ ಹೊಸದಲ್ಲ. ಸುಮಾರು 5ನೇ ಶತಮಾನದ ಸಂಸ್ಕೃತ ವೈಯಾಕರಣ ಭರ್ತೃಹರಿ 'ವಾಕ್ಯಪದೀಯ'ದಲ್ಲಿ, ಹಲವು ಅರ್ಥಗಳಿರುವ ಪದಕ್ಕೆ ಇಲ್ಲಿ ಯಾವ ಅರ್ಥ ಎಂದು ತೀರ್ಮಾನಿಸುವ 14 ಸುಳಿವುಗಳನ್ನು ಪಟ್ಟಿ ಮಾಡಿದ್ದಾನೆ: ಸಂಯೋಗ ಎಂದರೆ ಕೂಡಿರುವುದು, ವಿಪ್ರಯೋಗ ಎಂದರೆ ಅಗಲಿರುವುದು, ಸಾಹಚರ್ಯ, ವಿರೋಧ, ಪ್ರಯೋಜನ, ಪ್ರಕರಣ ಎಂದರೆ ಸನ್ನಿವೇಶ, ಲಿಂಗ ಎಂದರೆ ಗುರುತು, ಬೇರೆ ಪದದ ಸಾಮೀಪ್ಯ, ಸಾಮರ್ಥ್ಯ, ಔಚಿತ್ಯ, ದೇಶ, ಕಾಲ, ವ್ಯಕ್ತಿ ಎಂದರೆ ವ್ಯಾಕರಣದ ಗಂಡು ಹೆಣ್ಣು, ಕೊನೆಗೆ ಸ್ವರ ಎಂದರೆ ಉಚ್ಚಾರದ ಏರಿಳಿತ. ಆ ಪರಂಪರೆಯವರು ಕೊಡುತ್ತ ಬಂದ ಉದಾಹರಣೆಗಳು ಇವತ್ತಿಗೂ ಪಾಠ ಹೇಳಲು ಒದಗುತ್ತವೆ. 'ರಾಮ' ಎಂಬ ಹೆಸರಿನ ಪಕ್ಕ ಲಕ್ಷ್ಮಣನಿದ್ದರೆ ಅವನು ದಶರಥನ ಮಗ. ಎದುರಿಗೆ ಕಾರ್ತವೀರ್ಯಾರ್ಜುನನಿದ್ದರೆ ಪರಶುರಾಮ. ಮೊದಲನೆಯದು ಸಾಹಚರ್ಯ, ಎರಡನೆಯದು ವಿರೋಧ. 'ಚಿತ್ರಭಾನು' ಹಗಲಿನಲ್ಲಿ ಹೊಳೆದರೆ ಸೂರ್ಯ, ಇರುಳಿನಲ್ಲಿ ಹೊಳೆದರೆ ಬೆಂಕಿ; ಇದು ಕಾಲ. ಹೆಚ್ಚು ಪ್ರಸಿದ್ಧವಾದದ್ದು 'ಸೈಂಧವ'. ಆ ಪದಕ್ಕೆ ಉಪ್ಪು ಎಂದೂ ಕುದುರೆ ಎಂದೂ ಅರ್ಥವಿದೆ. "ಸೈಂಧವ ತಾ" ಎಂದು ಊಟಕ್ಕೆ ಕೂತವನು ಹೇಳಿದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆ. ಇದು ಪ್ರಕರಣ. ಇಲ್ಲಿ ಸುಳಿವು ವಾಕ್ಯದೊಳಗೆ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಒಂದೇ ವಾಕ್ಯವನ್ನು ಎಷ್ಟು ಸಲ ಓದಿದರೂ ಬಗೆಹರಿಯದಿದ್ದಾಗ ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಹೋಗಬೇಕು ಎನ್ನುವುದು ಇದಕ್ಕೇ.

ಪದ ಆರಿಸಿದ ಮೇಲೆ ಒರೆಗೆ ಹಚ್ಚುವುದಕ್ಕೂ ಹಳಬರು ಮೂರು ಮಾತುಗಳನ್ನು ಕೊಟ್ಟಿದ್ದಾರೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. "ಹಸು, ಕುದುರೆ, ಆನೆ" ಎಂದು ಸುಮ್ಮನೆ ಸಾಲಾಗಿ ಹೇಳಿದರೆ ಒಂದು ಪದ ಇನ್ನೊಂದನ್ನು ಬೇಡುವುದಿಲ್ಲ, ವಾಕ್ಯವಾಗುವುದಿಲ್ಲ; ಆಕಾಂಕ್ಷೆ ಇಲ್ಲ. "ಬೆಂಕಿಯಿಂದ ನೆನೆಸಿದ" ಎಂದರೆ ವ್ಯಾಕರಣ ಸರಿಯಿದೆ, ಆದರೆ ನೆನೆಸುವ ಯೋಗ್ಯತೆ ಬೆಂಕಿಗಿಲ್ಲ. ಒಂದು ಪದವನ್ನು ಈಗ ಹೇಳಿ ಇನ್ನೊಂದನ್ನು ಗಂಟೆ ಬಿಟ್ಟು ಹೇಳಿದರೆ ಸನ್ನಿಧಿ ತಪ್ಪಿತು. ಖಾಲಿ ಜಾಗಕ್ಕೆ ಪದ ತುಂಬುವಾಗ ಮೊದಲು ಕೇಳಬೇಕಾದ ಪ್ರಶ್ನೆ ಆಕಾಂಕ್ಷೆಯದು: ಈ ವಾಕ್ಯ ಹೆಸರನ್ನು ಬೇಡುತ್ತಿದೆಯೋ, ಗುಣವನ್ನೋ, ಕೆಲಸವನ್ನೋ? ಆಮೇಲಿನದು ಯೋಗ್ಯತೆಯದು: ಈ ಪದ ಸೂಚಿಸುವ ವಸ್ತು ಆ ಕೆಲಸವನ್ನು ನಿಜವಾಗಿ ಮಾಡಬಲ್ಲದೋ?

ಆಕಾಂಕ್ಷೆಯ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಖಾಲಿ ಗೆರೆಗೆ ಅಂಟಿಕೊಂಡಿರುವ ಪ್ರತ್ಯಯದಲ್ಲೇ ಸಿಗುತ್ತದೆ. "____ಯನ್ನು" ಎಂದಿದ್ದರೆ ಪದ 'ಇ' ಅಥವಾ 'ಎ' ಕಾರದಲ್ಲಿ ಮುಗಿಯುವಂಥದ್ದು: ಮನೆಯನ್ನು, ಗಾಡಿಯನ್ನು. "____ವನ್ನು" ಎಂದಿದ್ದರೆ ಅಕಾರದಲ್ಲಿ ಮುಗಿಯುವ ನಪುಂಸಕ ಪದ, ಇಲ್ಲವೇ ಹಸು, ಗುರು, ಮಗು ಎಂಬಂಥ ಕೆಲವು ಉಕಾರದ ಪದ. ಊರು, ಕಾಡು, ಮಾತು ಮುಂತಾದವು ಕೊನೆಯ ಉಕಾರವನ್ನು ಕಳೆದುಕೊಂಡು ಊರನ್ನು, ಕಾಡನ್ನು, ಮಾತನ್ನು ಆಗುತ್ತವೆ. '-ನನ್ನು', '-ಳನ್ನು', '-ರನ್ನು' ಎಂದರೆ ಮನುಷ್ಯರ ಮಾತು. '-ಕ್ಕೆ' ಎಂದಿದ್ದರೆ ಮರಕ್ಕೆ, ದೇಶಕ್ಕೆ ಎಂಬಂತೆ ಅಕಾರಾಂತ ನಪುಂಸಕ. 'ಮನೆ' ಅಲ್ಲಿ ಕೂರುವುದಿಲ್ಲ, ಅದಕ್ಕೆ 'ಮನೆಗೆ' ಎಂದೇ ಆಗಬೇಕು. ನಾಲ್ಕು ಆಯ್ಕೆಗಳಲ್ಲಿ ಎರಡು ಇಷ್ಟರಲ್ಲೇ ಉದುರಿಹೋಗುವುದುಂಟು.

ವಿಭಕ್ತಿ ಕ್ರಿಯಾಪದವನ್ನೂ ಆರಿಸಿಕೊಡುತ್ತದೆ. ಮೆಚ್ಚು, ಹಿಡಿಸು ಎರಡರ ಭಾವವೂ ಒಂದೇ. ಆದರೆ "ಅವನು ಆ ಚಿತ್ರವನ್ನು ____" ಎಂದರೆ ಮೆಚ್ಚಿದ. "ಅವನಿಗೆ ಆ ಚಿತ್ರ ____" ಎಂದರೆ ಹಿಡಿಸಿತು. ನೋಡು, ಕಾಣಿಸು ಜೋಡಿಯೂ ಹಾಗೆಯೇ: ನಾನು ಬೆಟ್ಟವನ್ನು ನೋಡಿದೆ, ನನಗೆ ಬೆಟ್ಟ ಕಾಣಿಸಿತು. ಅರ್ಥಕೋಶ ತೆರೆದರೆ ಇವು ಅಕ್ಕಪಕ್ಕದ ಪದಗಳಂತೆ ಕಾಣುತ್ತವೆ. ವಾಕ್ಯದಲ್ಲಿ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲಲಾರದು.

ಒಂದೇ ರೂಪದಲ್ಲಿ ಹಲವು ಪದಗಳು ಅಡಗಿರುವಾಗಲೂ ಇದೇ ಕ್ರಮ. "ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಹತ್ತಿತು" ಎಂಬ ವಾಕ್ಯದಲ್ಲಿ ಮೂರು 'ಹತ್ತು'ಗಳಿವೆ. ಮೊದಲನೆಯದು ಹೆಸರಿನ ಮುಂದೆ ನಿಂತ ಸಂಖ್ಯೆ, ಎರಡನೆಯದು ಮೇಲೇರುವುದು, ಮೂರನೆಯದು ನಿದ್ದೆ ಹತ್ತಿತು, ಬೆಂಕಿ ಹತ್ತಿತು ಎಂಬಂತೆ ಶುರುವಾಗುವುದು. ಓದುವವರು ಒಂದು ಕ್ಷಣವೂ ತಡವರಿಸುವುದಿಲ್ಲ, ಏಕೆಂದರೆ ಪ್ರತಿಯೊಂದರ ನೆರೆಯೂ ಬೇರೆ. 'ನೆರೆ' ಎಂದಾಗ ಇನ್ನೊಂದು ನೆನಪಾಗುತ್ತದೆ: "ನೆರೆ ಬಂದಾಗ ನೆರೆಯವರೇ ಬಂದರು." ಬಂದದ್ದು ಪ್ರವಾಹವೋ ಪಕ್ಕದ ಮನೆಯವರೋ ಎಂಬುದನ್ನು 'ಬಂದಾಗ' ಹೇಳುವುದಿಲ್ಲ, 'ಬಂದರು' ಹೇಳುತ್ತದೆ. ಹೊಲದ ಕಳೆ, ಮುಖದ ಕಳೆ, ಕಾಲ ಕಳೆ, ಒಂಬತ್ತರಲ್ಲಿ ಮೂರು ಕಳೆ. ಕಡಲಿನ ತೆರೆ, ನಾಟಕದ ತೆರೆ, ಬಾಗಿಲು ತೆರೆ. ಇಲ್ಲೆಲ್ಲ ಅರ್ಥ ಹೇಳುವುದು ಪಕ್ಕದ ಪದ. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟಿನಲ್ಲಿ ಇಂಥ ಒಂದೇ ರೂಪದ ಪದಗಳಿಗೆ 1, 2, 3 ಎಂದು ಅಂಕಿ ಹಾಕಿ ಬೇರೆ ಬೇರೆಯಾಗಿ ಕೊಟ್ಟಿದೆ. ನಿಘಂಟು ನೋಡುವಾಗ ಮೊದಲ ಅಂಕಿಯ ಅರ್ಥವನ್ನೇ ಎತ್ತಿಕೊಂಡು ಬರುವುದು ದೊಡ್ಡ ತಪ್ಪು. ನಿಮ್ಮ ವಾಕ್ಯವನ್ನು ಬೆರಳಲ್ಲಿ ಹಿಡಿದುಕೊಂಡೇ ಎಲ್ಲ ಅಂಕಿಗಳನ್ನೂ ದಾಟಬೇಕು.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗ. ಅರ್ಥವೂ ಸರಿ, ಪ್ರತ್ಯಯವೂ ಸರಿ, ಆದರೂ ಪದ ತಪ್ಪು. ಕಾರಣ, ಪದಗಳಿಗೆ ತಮ್ಮದೇ ಒಡನಾಡಿಗಳಿರುತ್ತವೆ.

ಮುರಿಯುವ ಮಾತನ್ನೇ ತೆಗೆದುಕೊಳ್ಳಿ. ಮಡಕೆ ಒಡೆಯುತ್ತದೆ, ಕೊಂಬೆ ಮುರಿಯುತ್ತದೆ, ಬಟ್ಟೆ ಹರಿಯುತ್ತದೆ. ಹಿಂದಿರುವ ತರ್ಕವನ್ನು ಹಿಡಿದರೆ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಬಿರಿದು ಚೂರಾಗುವಂಥದ್ದು, ಒಳಗೆ ಏನನ್ನೋ ತುಂಬಿಕೊಂಡಿರುವಂಥದ್ದು ಒಡೆಯುತ್ತದೆ: ಗಾಜು, ಮೊಟ್ಟೆ, ಕಟ್ಟೆ, ಗುಟ್ಟು ಕೂಡ. ಉದ್ದವಾಗಿ ಸೆಟೆದು ನಿಂತದ್ದು ಮುರಿಯುತ್ತದೆ: ಕೋಲು, ಮೂಳೆ, ಬಿಲ್ಲು. ತೆಳ್ಳಗೆ ಬಳುಕುವಂಥದ್ದು ಹರಿಯುತ್ತದೆ: ಕಾಗದ, ದಾರ, ಬಟ್ಟೆ. "ಮನೆ ಒಡೆಯಿತು" ಎಂದರೆ ಒಳಗಿದ್ದವರು ಬೇರೆಯಾದರು. "ಮನೆ ಮುರಿದರು" ಎಂದರೆ ಸಂಸಾರ ಹಾಳುಮಾಡಿದರು. "ಮನೆ ಕೆಡವಿದರು" ಎಂದರೆ ಮಾತ್ರ ಗೋಡೆಗಳ ಮಾತು. ಸಂದರ್ಭ ಗೊತ್ತಿಲ್ಲದೆ ಇವುಗಳಲ್ಲಿ ಒಂದನ್ನು ಆರಿಸಿದರೆ ಬೇರೆಯೇ ಸುದ್ದಿ ಹೇಳಿದಂತಾಗುತ್ತದೆ.

ತೊಡುವ ಮಾತುಗಳೂ ಹೀಗೆಯೇ. ಸೀರೆಯನ್ನು ಉಡುತ್ತಾರೆ, ಅಂಗಿಯನ್ನು ತೊಡುತ್ತಾರೆ, ಹೂವನ್ನು ಮುಡಿಯುತ್ತಾರೆ, ಕಂಬಳಿಯನ್ನು ಹೊದೆಯುತ್ತಾರೆ, ಚಪ್ಪಲಿಯನ್ನು ಮೆಟ್ಟುತ್ತಾರೆ. ಮೈಯ ಯಾವ ಭಾಗಕ್ಕೆ, ಯಾವ ರೀತಿಯಲ್ಲಿ ಸೇರುತ್ತದೆ ಎಂಬುದು ಕ್ರಿಯಾಪದದಲ್ಲೇ ಇದೆ. ಆದ್ದರಿಂದ "ಆಕೆ ____ ಮುಡಿದಿದ್ದಳು" ಎಂಬಲ್ಲಿ ಉತ್ತರ ತಲೆಗೂದಲಲ್ಲಿ ನಿಲ್ಲುವ ವಸ್ತುವೇ ಆಗಬೇಕು. ಇವತ್ತು ಬರವಣಿಗೆಯಲ್ಲಿ 'ಧರಿಸು', ಮಾತಿನಲ್ಲಿ 'ಹಾಕಿಕೊ' ಎಂಬ ಎರಡು ಪದಗಳು ಈ ಐದೂ ಜಾಗಗಳನ್ನು ಆಕ್ರಮಿಸುತ್ತಿವೆ. ಅವು ತಪ್ಪೇನಲ್ಲ. ಆದರೆ ಕ್ರಿಯಾಪದ ಕೊಡುತ್ತಿದ್ದ ಸುಳಿವು ಅಷ್ಟರಮಟ್ಟಿಗೆ ಅಳಿಸಿಹೋಗುತ್ತದೆ, ಓದುವವರು ಅರ್ಥವನ್ನು ಬೇರೆಲ್ಲಿಂದಲೋ ಹೆಕ್ಕಬೇಕಾಗುತ್ತದೆ. ಇದು ನಷ್ಟ ಎಂದೇ ಹೇಳಬೇಕು.

ಸುದ್ದಿ ಬರೆಯುವವರು ದಿನವೂ ಎದುರಿಸುವ ಇನ್ನೊಂದು ಗುಂಪಿದೆ: ಗುರಿಯಾಗು, ಪಾತ್ರವಾಗು, ಒಳಗಾಗು, ಈಡಾಗು, ತುತ್ತಾಗು, ಭಾಜನವಾಗು. ಎಲ್ಲವೂ '-ಗೆ' ಅಥವಾ '-ಕ್ಕೆ' ವಿಭಕ್ತಿಯನ್ನೇ ಬೇಡುತ್ತವೆ, ಆದ್ದರಿಂದ ಪ್ರತ್ಯಯ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಆರಿಸಿಕೊಡುವುದು ಹಿಂದಿನ ಹೆಸರಿನ ಒಳಿತು ಕೆಡುಕು. ಮೆಚ್ಚುಗೆ, ಪ್ರೀತಿ, ಪ್ರಶಂಸೆಗಳಿಗೆ ಪಾತ್ರರಾಗುತ್ತಾರೆ. ಟೀಕೆ, ನಿಂದೆ, ಹಲ್ಲೆಗಳಿಗೆ ಗುರಿಯಾಗುತ್ತಾರೆ. ಪ್ರಶಸ್ತಿಗೆ ಭಾಜನರಾಗುತ್ತಾರೆ, ಅಪಹಾಸ್ಯಕ್ಕೆ ಈಡಾಗುತ್ತಾರೆ, ರೋಗಕ್ಕೆ ತುತ್ತಾಗುತ್ತಾರೆ. ಒಳಗಾಗು ಎಂಬುದು ನಡುವಿನದು. ಒತ್ತಡ, ಪ್ರಭಾವ, ಶಸ್ತ್ರಚಿಕಿತ್ಸೆ ಮುಂತಾಗಿ ಹೊರಗಿನಿಂದ ನಮ್ಮ ಮೇಲೆ ನಡೆಯುವುದಕ್ಕೆಲ್ಲ ಹೊಂದುತ್ತದೆ. "ಸಭಿಕರ ಮೆಚ್ಚುಗೆಗೆ ಗುರಿಯಾದರು" ಎಂದು ಬರೆದರೆ ಸಭಿಕರು ಕಲ್ಲು ಬೀರಿದಂತೆ ಕೇಳಿಸುತ್ತದೆ. ಬರೆದವರಿಗೆ ಗುರಿ ಎಂಬುದರ ಅರ್ಥ ಗೊತ್ತಿರಲಿಲ್ಲವೆಂದಲ್ಲ. ಬಾಣ ಹೋಗಿ ನಾಟುವ ಜಾಗ ಅದು ಎಂಬ ನೆನಪು ಆ ಪದದೊಳಗೆ ಇನ್ನೂ ಜೀವಂತವಾಗಿದೆ ಎಂಬುದನ್ನು ಮರೆತಿದ್ದರು.

ಮನ್ನಣೆಯ ಮಟ್ಟವೂ ಒಡನಾಟದ್ದೇ ಒಂದು ಬಗೆ. ಹಾವು ಸತ್ತಿತು, ಹಿರಿಯರು ತೀರಿಕೊಂಡರು, ಅಪಘಾತದಲ್ಲಿ ಇಬ್ಬರು ಮೃತಪಟ್ಟರು, ಯುದ್ಧದಲ್ಲಿ ಸೈನಿಕ ಹುತಾತ್ಮನಾದ. ಸಂಗತಿ ಒಂದೇ, ಯಾರ ಬಗ್ಗೆ ಯಾರು ಎಲ್ಲಿ ಹೇಳುತ್ತಿದ್ದಾರೆ ಎಂಬುದು ಪದವನ್ನು ಆರಿಸುತ್ತದೆ.

ಮೊದಲಿನ ನಾಲ್ಕು ಆಯ್ಕೆಗಳಿಗೆ ಮರಳೋಣ. ಉಪೇಕ್ಷೆ, ಅಪೇಕ್ಷೆ, ನಿರೀಕ್ಷೆ ಮೂರೂ 'ನೋಡು' ಎಂಬ ಅರ್ಥದ ಸಂಸ್ಕೃತದ 'ಈಕ್ಷ್' ಧಾತುವಿನವು. ಪರೀಕ್ಷೆ, ಸಮೀಕ್ಷೆ, ಪ್ರತೀಕ್ಷೆ, ವೀಕ್ಷಣೆ ಕೂಡ ಅದೇ ಮನೆಯ ಮಕ್ಕಳು. ಮುಂದೆ ಸೇರಿದ ಉಪಸರ್ಗ ನೋಟದ ದಿಕ್ಕನ್ನು ಬದಲಿಸಿದೆ. ಬೇಕೆಂದು ನೋಡುವುದು ಅಪೇಕ್ಷೆ, ಕಂಡರೂ ಲೆಕ್ಕಕ್ಕಿಡದೆ ಇರುವುದು ಉಪೇಕ್ಷೆ, ಬರಬಹುದೆಂದು ನೋಡುವುದು ನಿರೀಕ್ಷೆ, ಬರುವವರೆಗೆ ಕಾಯುವುದು ಪ್ರತೀಕ್ಷೆ. ಇಲ್ಲೂ ಜೊತೆಯ ಕ್ರಿಯಾಪದ ನೆರವಾಗುತ್ತದೆ: ಅಪೇಕ್ಷೆ 'ಪಡು'ವಂಥದ್ದು, ಉಪೇಕ್ಷೆ 'ಮಾಡು'ವಂಥದ್ದು. ಆದರೆ ಪದವನ್ನು ಒಡೆದು ನೋಡಿ ಅರ್ಥ ಊಹಿಸುವ ಈ ದಾರಿಯನ್ನು ಕೊನೆಗೆ ಹಿಡಿಯುವುದು ಕ್ಷೇಮ. 'ಅಪ' ಎಂದರೆ ಕೆಟ್ಟದ್ದು ಎಂದು ಅಪಮಾನ, ಅಪಕೀರ್ತಿಗಳಿಂದ ಕಲಿತವರು ಅಪೇಕ್ಷೆಯನ್ನೂ ಅಪಾರವನ್ನೂ ಅದೇ ತಕ್ಕಡಿಯಲ್ಲಿಟ್ಟರೆ ದಾರಿ ತಪ್ಪುತ್ತಾರೆ. ಅಪಾರದಲ್ಲಿರುವುದು 'ಅಪ' ಅಲ್ಲವೇ ಅಲ್ಲ. ಪಾರ ಇಲ್ಲದ್ದು ಅಪಾರ. ವಾಕ್ಯದಿಂದ ಊಹೆ ಹುಟ್ಟಿದ ಮೇಲೆ, ಅದು ಸರಿಯೇ ಎಂದು ನೋಡಲು ಮಾತ್ರ ಪದವನ್ನು ಒಡೆಯಿರಿ.

ಒಂದಕ್ಷರದ, ಒಂದು ಎಳೆತದ ವ್ಯತ್ಯಾಸವಿರುವ ಜೋಡಿಗಳಿಗೂ ಸಂದರ್ಭವೇ ಕಾವಲು: ಮಧ್ಯ ನಡು, ಮದ್ಯ ಹೆಂಡ, ಧನ ಹಣ, ದನ ಜಾನುವಾರು, ಗೃಹ ಮನೆ, ಗ್ರಹ ಆಕಾಶದ್ದು, ಉಪಾಹಾರ ಲಘು ಊಟ, ಉಪಹಾರ ಕಾಣಿಕೆ. ಪರಿಣಾಮ, ಪರಿಮಾಣ, ಪ್ರಮಾಣ ಮೂರನ್ನು ಅದಲುಬದಲು ಮಾಡುವವರು ಬಹಳ. "ಮೇಲೆ" ಎಂಬುದು ಹತ್ತಿರವಿದ್ದರೆ ಹೆಚ್ಚಾಗಿ ಪರಿಣಾಮ, "ಹೆಚ್ಚು, ಕಡಿಮೆ" ಇದ್ದರೆ ಪ್ರಮಾಣ. ಕಿವಿಗೆ ಒಂದೇ ಎನಿಸುವ ಪದಗಳನ್ನು ಬರೆಯುವಾಗ ಅಕ್ಕಪಕ್ಕ ನೋಡದೆ ಮುಂದೆ ಹೋಗಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಸಂದರ್ಭವನ್ನು ಎಷ್ಟು ನಂಬಬಹುದು ಎಂಬುದನ್ನೂ ಹೇಳಬೇಕು. 1983ರಲ್ಲಿ ಬೆಕ್, ಮೆಕ್‌ಕ್ಯೋನ್, ಮೆಕ್‌ಕ್ಯಾಸ್ಲಿನ್ ಎಂಬ ಅಮೆರಿಕದ ಸಂಶೋಧಕಿಯರು ಸಂದರ್ಭಗಳನ್ನು ನಾಲ್ಕಾಗಿ ವಿಂಗಡಿಸಿದರು: ಸರಿಯಾದ ಅರ್ಥಕ್ಕೆ ನೇರ ಕರೆದೊಯ್ಯುವವು, ಅದು ಯಾವ ಬಗೆಯದು ಎಂಬಷ್ಟನ್ನು ಮಾತ್ರ ತೋರಿಸುವವು, ಏನನ್ನೂ ಹೇಳದವು, ತಪ್ಪು ದಾರಿ ತೋರಿಸುವವು. ಕೊನೆಯದೇ ಅಪಾಯಕಾರಿ. 'ಉದಾಸೀನ' ಎಂಬ ಪದವನ್ನು ನೋಡಿ. "ಅವನು ಉದಾಸೀನನಾಗಿ ಮೂಲೆಯಲ್ಲಿ ಕೂತಿದ್ದ" ಎಂದು ಓದಿದವರು ಅದನ್ನು ದುಃಖ ಎಂದು ಊಹಿಸುತ್ತಾರೆ. ಮೂಲೆ, ಕೂತಿರುವುದು ಎರಡೂ ಅತ್ತಲೇ ತಳ್ಳುತ್ತವೆ. ಊಹೆ ಆ ವಾಕ್ಯದಲ್ಲಿ ಚೆನ್ನಾಗಿಯೇ ಹೊಂದುವುದರಿಂದ ಅನುಮಾನ ಬರುವುದಿಲ್ಲ, ತಪ್ಪು ಅರ್ಥ ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿದುಬಿಡುತ್ತದೆ. "ಮಗನಿಗೆ ಜ್ವರ ಬಂದು ಮೂರು ದಿನವಾದರೂ ಔಷಧ ಕೊಡಿಸದೆ ಉದಾಸೀನ ಮಾಡಿದ" ಎಂಬ ವಾಕ್ಯ ಸಿಕ್ಕಿದ್ದರೆ ಅದು ಅಲಕ್ಷ್ಯ, ಲೆಕ್ಕಿಸದಿರುವಿಕೆ ಎಂದು ತಿಳಿಯುತ್ತಿತ್ತು. ಒಂದು ವಾಕ್ಯದಿಂದ ಪಡೆದ ಅರ್ಥವನ್ನು ತಾತ್ಕಾಲಿಕ ಎಂದೇ ಇಟ್ಟುಕೊಳ್ಳಬೇಕು. ಎರಡನೆಯ, ಮೂರನೆಯ ವಾಕ್ಯ ಎದುರಾದಾಗ ಅದನ್ನು ಮತ್ತೆ ತೂಗಬೇಕು.

ಅಂಕಿಗಳೂ ಇದನ್ನೇ ಹೇಳುತ್ತವೆ. 1999ರಲ್ಲಿ ಸ್ವಾನ್‌ಬಾರ್ನ್ ಮತ್ತು ಡಿ ಗ್ಲಾಪರ್ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಹಜವಾಗಿ ಓದಿಕೊಂಡು ಹೋಗುವ ವಿದ್ಯಾರ್ಥಿಗಳು ತಮಗೆ ಗೊತ್ತಿಲ್ಲದ ಪದಗಳಲ್ಲಿ ಸರಾಸರಿ 100ಕ್ಕೆ 15ನ್ನು ಮಾತ್ರ ಕಲಿಯುತ್ತಿದ್ದರು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಓದುವವರ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹು ಮತ್ತು ಪಾಲ್ ನೇಷನ್, ಯಾರ ಸಹಾಯವೂ ಇಲ್ಲದೆ ಓದಿ ತಿಳಿಯಬೇಕಾದರೆ 100 ಪದಗಳಲ್ಲಿ ಸುಮಾರು 98 ಗೊತ್ತಿರಬೇಕು ಎಂದು ಕಂಡುಕೊಂಡರು. ಎಂದರೆ 50 ಪದಕ್ಕೆ ಒಂದು ಹೊಸದು. ಅದಕ್ಕಿಂತ ದಟ್ಟವಾಗಿ ಹೊಸ ಪದಗಳು ಬಂದರೆ ಸುಳಿವು ಕೊಡಬೇಕಾದ ಪದಗಳೇ ಒಗಟಾಗುತ್ತವೆ. ಕಠಿಣ ಪುಸ್ತಕ ಕೊಟ್ಟು "ಸಂದರ್ಭದಿಂದ ಊಹಿಸು" ಎಂದು ಮಕ್ಕಳಿಗೆ ಹೇಳುವುದು ಈ ಕಾರಣಕ್ಕೆ ಅನ್ಯಾಯ.

ಹಾಗಾದರೆ ಕೈಗೆ ಸಿಗುವ ಕ್ರಮ ಯಾವುದು? ಮೊದಲು ಆಯ್ಕೆಗಳನ್ನು ಕೈಯಿಂದ ಮುಚ್ಚಿ. ವಾಕ್ಯವನ್ನು ಪೂರ್ಣವಿರಾಮದವರೆಗೆ, ಮುಂದಿನ ವಾಕ್ಯವಿದ್ದರೆ ಅದನ್ನೂ ಸೇರಿಸಿ ಓದಿ. ಖಾಲಿ ಜಾಗದಲ್ಲಿ ಮನೆಮಾತಿನ ಒಂದು ಸಾದಾ ಪದವನ್ನು ಇಟ್ಟು ನೋಡಿ. ಉಪೇಕ್ಷೆ ಹೊಳೆಯದಿದ್ದರೂ "ಅಸಡ್ಡೆ" ಹೊಳೆದೀತು. ಪದ ಸಿಗದಿದ್ದರೆ ಒಳ್ಳೆಯದೋ ಕೆಟ್ಟದ್ದೋ ಎಂಬಷ್ಟನ್ನಾದರೂ ಗುರುತಿಸಿ, ಕೂಡಿಸು ಕಳೆ ಚಿಹ್ನೆ ಹಾಕಿಕೊಳ್ಳಿ. ಕೊನೆಯ ಕ್ರಿಯಾಪದದಲ್ಲಿ 'ಇಲ್ಲ', 'ಅಲ್ಲ', 'ಬಾರದು', '-ದೆ' ಇದ್ದರೆ ಆ ಚಿಹ್ನೆ ತಿರುಗುತ್ತದೆ. ನಡುವೆ 'ರೂ' ಇದ್ದರೆ ಇನ್ನೊಮ್ಮೆ ತಿರುಗುತ್ತದೆ. ಆಮೇಲೆ ಕೈ ತೆಗೆದು ಆಯ್ಕೆಗಳನ್ನು ನೋಡಿ. ನಿಮ್ಮ ಪದಕ್ಕೆ ಹತ್ತಿರದ್ದನ್ನು ಎತ್ತಿ, ಪ್ರತ್ಯಯ ಕೂಡುತ್ತದೆಯೇ ನೋಡಿ, ವಾಕ್ಯವನ್ನು ಗಟ್ಟಿಯಾಗಿ ಓದಿ. ಗಟ್ಟಿಯಾಗಿ ಎಂಬುದು ಮುಖ್ಯ. ಮೆಚ್ಚುಗೆಗೆ ಗುರಿಯಾಗುವಂಥ ತಪ್ಪು ಕಣ್ಣಿಗೆ ಕಾಣದಿದ್ದರೂ ಕಿವಿಗೆ ತಾಗುತ್ತದೆ. ಉಳಿದ ಮೂರು ಯಾಕೆ ಆಗುವುದಿಲ್ಲ ಎಂದು ತಲಾ ಒಂದು ಕಾರಣ ಹೇಳಲು ಬಂದರೆ ಮಾತ್ರ ಮುಂದಿನ ಪ್ರಶ್ನೆಗೆ ಹೋಗಿ.

ಬಿಟ್ಟ ಸ್ಥಳ ತುಂಬುವ ಅಭ್ಯಾಸ ತಯಾರಿಸುವವರಿಗೂ ಎರಡು ಮಾತು. ಭಾಗವೊಂದರಿಂದ ನಿಗದಿತ ಅಂತರದಲ್ಲಿ ಪದಗಳನ್ನು ಅಳಿಸಿ ಓದುಗರಿಂದ ತುಂಬಿಸುವ ವಿಧಾನವನ್ನು 1953ರಲ್ಲಿ ವಿಲ್ಸನ್ ಟೇಲರ್ ಪರಿಚಯಿಸಿದ. ಬರಹ ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ ಎಂದು ಅಳೆಯುವುದು ಅವನ ಉದ್ದೇಶ. ಇಂಗ್ಲಿಷಿನಲ್ಲಿ ಪ್ರತಿ ಐದನೆಯ ಪದವನ್ನು ಅಳಿಸುವ ರೂಢಿ ಬೆಳೆದಿದೆ. ಅದನ್ನು ಹಾಗೆಯೇ ಕನ್ನಡಕ್ಕೆ ತಂದರೆ ಕೆಡುತ್ತದೆ. "ನಾನು ನಿನ್ನೆ ಅವನ ಮನೆಗೆ ಹೋಗಲಿಲ್ಲ" ಎಂಬುದು ನಮ್ಮಲ್ಲಿ ಐದು ಪದ. ಇಂಗ್ಲಿಷಿನಲ್ಲಿ ಅದನ್ನು ಹೇಳಲು ಎಂಟು ಬೇಕು. ಐದನೆಯದನ್ನು ಅಳಿಸಿದರೆ ಕ್ರಿಯೆ, ಕಾಲ, ನಿಷೇಧ ಮೂರೂ ಒಟ್ಟಿಗೆ ಹೋದವು. ಕನ್ನಡದಲ್ಲಿ ಎಂಟು ಹತ್ತು ಪದಗಳಿಗೊಂದು ಅಳಿಸಿದರೆ ಸಾಕು, ಪ್ರಕೃತಿಯನ್ನು ಎಂದರೆ ಪ್ರತ್ಯಯ ಸೇರುವ ಮೂಲ ಪದವನ್ನು ತೆಗೆದು ಪ್ರತ್ಯಯವನ್ನು ಉಳಿಸಬೇಕು, ಮೊದಲ ವಾಕ್ಯವನ್ನಂತೂ ಮುಟ್ಟಬಾರದು.

ಬಿಡಿ ವಾಕ್ಯಗಳನ್ನು ಬರೆಯುವಾಗ ಆಗುವ ದೊಡ್ಡ ತಪ್ಪು ಸುಳಿವೇ ಇಲ್ಲದಿರುವುದು. "ಅವನು ತುಂಬಾ ____ ಮನುಷ್ಯ" ಎಂದು ಬರೆದು ಧೈರ್ಯವಂತ, ಸೋಮಾರಿ, ಜಿಪುಣ, ಮುಂಗೋಪಿ ಎಂದು ಕೊಟ್ಟರೆ ನಾಲ್ಕೂ ಸರಿ. "ಬೆಂಕಿ ಹತ್ತಿದ ಮನೆಯೊಳಗೆ ಒಬ್ಬನೇ ನುಗ್ಗಿ ಮಗುವನ್ನು ಹೊರತಂದ ಅವನು ತುಂಬಾ ____ ಮನುಷ್ಯ" ಎಂದಾಗ ಒಂದೇ ಉಳಿಯುತ್ತದೆ. ಆಯ್ಕೆಗಳೆಲ್ಲ ಒಂದೇ ಜಾತಿಯವಾಗಿರಲಿ. ಮೂರು ಗುಣಪದಗಳ ನಡುವೆ ಒಂದು ಕ್ರಿಯಾಪದ ಇಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ, ಜಾಗ ದಂಡ. ಸಿದ್ಧವಾದ ವಾಕ್ಯವನ್ನು ಆಯ್ಕೆಗಳಿಲ್ಲದೆ ಮೂರು ಜನರಿಗೆ ಕೊಟ್ಟು ನೋಡಿ. ಮೂವರೂ ಬರೆದ ಪದಗಳು ಒಂದೇ ಅರ್ಥದ ಸುತ್ತ ಇದ್ದರೆ ವಾಕ್ಯ ತನ್ನ ಕೆಲಸ ಮಾಡಿದೆ. ಮೂವರು ಮೂರು ದಿಕ್ಕಿಗೆ ಹೋಗಿದ್ದರೆ ಆಯ್ಕೆಗಳನ್ನು ತಿದ್ದಲು ಹೋಗಬೇಡಿ, ವಾಕ್ಯಕ್ಕೆ ಇನ್ನೊಂದು ಸುಳಿವು ಸೇರಿಸಿ ಮತ್ತೆ ಕೊಡಿ.